ಎರಡನೆಯ ಕೈ: ನಿರೀಕ್ಷೆಯನ್ನು ಮೀರಿದ ಬಾಕ್ಸರ್‌ಗಳು, ನಿರೀಕ್ಷೆಗೆ ನಿಲುಕದ ಬಾಕ್ಸರ್‌ಗಳು

ಸಭಿಕರಿಗೆ ನಮಸ್ಕಾರ. ನಿರೀಕ್ಷೆಯನ್ನು ಮೀರಿ ಬೆಳೆದ ಬಾಕ್ಸರ್‌ಗಳ ಬಗ್ಗೆ, ನಿರೀಕ್ಷೆಯ ಮಟ್ಟ ಮುಟ್ಟದೆ ಹೋದ ಬಾಕ್ಸರ್‌ಗಳ ಬಗ್ಗೆ ಮಾತನಾಡಬೇಕೆಂಬ ಸೂಚನೆ ಬಂದಾಗ ನನಗೆ ಮೊದಲು ನೆನಪಾದದ್ದು ಜೇಮ್ಸ್ ಬ್ರಾಡಕ್ ಅವರ ಎಡಗೈ. 1920ರ ದಶಕದ ಕೊನೆಯಲ್ಲಿ ಅಮೆರಿಕದ ಲೈಟ್ ಹೆವಿವೇಟ್ ವಿಭಾಗದಲ್ಲಿ, ಅಂದರೆ ಹೆವಿವೇಟ್‌ಗಿಂತ ಒಂದು ಮೆಟ್ಟಿಲು ಕೆಳಗಿನ ತೂಕದಲ್ಲಿ, ಹೆಸರು ಮಾಡುತ್ತಿದ್ದ ಬ್ರಾಡಕ್ ಅವರ ಬಂಡವಾಳವೆಲ್ಲ ಬಲಗೈಯಲ್ಲಿತ್ತು. ಆ ಬಲಗೈಯನ್ನು ನಂಬಿಯೇ ಅವರು 1929ರ ಜುಲೈನಲ್ಲಿ ಟಾಮಿ ಲಾಫ್ರನ್ ಅವರೆದುರು ವಿಶ್ವ ಪ್ರಶಸ್ತಿಗಾಗಿ ಕಣಕ್ಕಿಳಿದರು; ಲಾಫ್ರನ್ ಹದಿನೈದು ಸುತ್ತುಗಳ ಉದ್ದಕ್ಕೂ ಆ ಕೈಗೆ ಸಿಗದಂತೆ ಆಡಿ ಅಂಕಗಳ ಮೇಲೆ ಗೆದ್ದರು. ಅಲ್ಲಿಂದ ಮುಂದಿನ ನಾಲ್ಕು ವರ್ಷಗಳಲ್ಲಿ ಬ್ರಾಡಕ್ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಬಲಗೈಯ ಮೂಳೆ ಮತ್ತೆ ಮತ್ತೆ ಮುರಿಯಿತು, ಸರಿಯಾಗಿ ಕೂಡಿಕೊಳ್ಳುವ ಮೊದಲೇ ಹೊಟ್ಟೆಪಾಡಿಗಾಗಿ ಇನ್ನೊಂದು ಪಂದ್ಯ ಆಡಬೇಕಾಯಿತು, 1933ರಲ್ಲಿ ಮತ್ತೊಮ್ಮೆ ಮುರಿದಾಗ ಅವರು ಆಟವನ್ನೇ ಬಿಟ್ಟರು. ಅದು ಆರ್ಥಿಕ ಮಹಾಕುಸಿತದ ಕಾಲ. ಹೆಂಡತಿ ಮತ್ತು ಮೂವರು ಮಕ್ಕಳನ್ನು ಸಾಕಲು ಅವರು ಸರ್ಕಾರದ ಪರಿಹಾರಧನಕ್ಕೆ ಕೈಯೊಡ್ಡಿದರು, ಕೆಲಸ ಸಿಕ್ಕ ದಿನಗಳಲ್ಲಿ ನ್ಯೂ ಜೆರ್ಸಿಯ ಹಡಗುಕಟ್ಟೆಗಳಲ್ಲಿ ಸರಕು ಹೊತ್ತರು. ಬಲಗೈ ನೋಯುತ್ತಿದ್ದುದರಿಂದ ಭಾರವನ್ನೆಲ್ಲ ಎಡಗೈಗೆ ಹಾಕುವುದು ಅಭ್ಯಾಸವಾಯಿತು. ಯಾವ ತರಬೇತುದಾರನೂ ಹೇಳಿಕೊಡದೆ, ಯಾವ ವ್ಯಾಯಾಮಶಾಲೆಯನ್ನೂ ಪ್ರವೇಶಿಸದೆ ಆ ಕೈ ಗಟ್ಟಿಯಾಯಿತು.

1934ರ ಜೂನ್ 14ರಂದು, ಅಂದಿನ ಚಾಂಪಿಯನ್ ಪ್ರಿಮೊ ಕಾರ್ನೆರಾ ಮತ್ತು ಮ್ಯಾಕ್ಸ್ ಬೇರ್ ನಡುವಿನ ಹೆವಿವೇಟ್ ವಿಶ್ವ ಪ್ರಶಸ್ತಿ ಪಂದ್ಯಕ್ಕೆ ಮುನ್ನ ನಡೆಯಬೇಕಿದ್ದ ಒಂದು ಚಿಕ್ಕ ಪಂದ್ಯದಲ್ಲಿ ಆಡಲು ಬ್ರಾಡಕ್ ಅವರನ್ನು ಕೊನೆಯ ಗಳಿಗೆಯಲ್ಲಿ ಕರೆಸಿದರು. ಎದುರಾಳಿ ಕಾರ್ನ್ ಗ್ರಿಫಿನ್ ಭರವಸೆಯ ಹೊಸ ಪ್ರತಿಭೆ. ಹಳೆಯ ಹೆಸರೊಂದನ್ನು ಸೋಲಿಸಿ ಗ್ರಿಫಿನ್ ಮೇಲೇರಲಿ ಎಂಬುದಷ್ಟೇ ಏರ್ಪಾಡಿನ ಉದ್ದೇಶ. ಬ್ರಾಡಕ್ ಮೂರನೆಯ ಸುತ್ತಿನಲ್ಲಿ ಗ್ರಿಫಿನ್ ಅವರ ಆಟ ಮುಗಿಸಿದರು. ಬಳಿಕ ಜಾನ್ ಹೆನ್ರಿ ಲೂಯಿಸ್ ಅವರನ್ನು, ಆರ್ಟ್ ಲಾಸ್ಕಿ ಅವರನ್ನು ಮಣಿಸಿದರು. 1935ರ ಜೂನ್ 13ರಂದು, ಅಂದರೆ ಹತ್ತಿರಹತ್ತಿರ ಒಂದು ವರ್ಷದೊಳಗೆ, ಅದೇ ಮ್ಯಾಕ್ಸ್ ಬೇರ್ ಅವರೆದುರು ವಿಶ್ವ ಪ್ರಶಸ್ತಿಗಾಗಿ ನಿಂತರು. ಬಾಜಿ ಕಟ್ಟುವವರು ಬ್ರಾಡಕ್ ಗೆಲುವಿಗೆ ಒಂದಕ್ಕೆ ಹತ್ತರಷ್ಟು ಕೊಡಲು ಸಿದ್ಧರಿದ್ದರು. ಬೇರ್ ರಿಂಗ್‌ನಲ್ಲಿ ಜನರನ್ನು ನಗಿಸುತ್ತ ಕಾಲ ಕಳೆದರೆ, ಬ್ರಾಡಕ್ ಎಡಗೈಯ ಚುಟುಕು ನೇರ ಹೊಡೆತಗಳಾದ ಜಾಬ್‌ಗಳನ್ನು ಒಂದರ ಹಿಂದೆ ಒಂದರಂತೆ ಕೊಡುತ್ತ ಹದಿನೈದು ಸುತ್ತುಗಳನ್ನು ಮುಗಿಸಿ, ಮೂವರೂ ತೀರ್ಪುದಾರರ ಒಪ್ಪಿಗೆಯಿಂದ ಹೆವಿವೇಟ್ ಚಾಂಪಿಯನ್ ಆದರು. ಪಡೆದಿದ್ದ ಪರಿಹಾರಧನವನ್ನು ಅವರು ಸರ್ಕಾರಕ್ಕೆ ಹಿಂದಿರುಗಿಸಿದರು ಎಂಬುದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಆ ಮನುಷ್ಯನ ಸ್ವಭಾವ ಅದರಲ್ಲಿದೆ.

ಬೆಳೆಯುವ ಸಿರಿ ಮೊಳಕೆಯಲ್ಲಿಯೇ ಕಾಣುತ್ತದೆ ಎಂದು ನಮ್ಮ ಗಾದೆ ಹೇಳುತ್ತದೆ. ಬಾಕ್ಸಿಂಗ್‌ನಲ್ಲಿ ಈ ಗಾದೆಯನ್ನು ನಂಬಿ ಭವಿಷ್ಯ ನುಡಿದವರು ಪದೇ ಪದೇ ತಪ್ಪಿದ್ದಾರೆ, ಮತ್ತು ಆ ತಪ್ಪಿಗೆ ಒಂದು ಕಾರಣವಿದೆ ಎಂಬುದು ನನ್ನ ಎಣಿಕೆ. ಹದಿನೆಂಟು ಇಪ್ಪತ್ತರ ವಯಸ್ಸಿನ ಬಾಕ್ಸರನನ್ನು ನೋಡುವವರಿಗೆ ಕಾಣುವುದು ಅವನ ಮೊದಲ ಕೈ ಮಾತ್ರ. ಮೊದಲ ಕೈ ಎಂದು ನಾನು ಕರೆಯುತ್ತಿರುವುದು ಅವನಿಗೆ ಹುಟ್ಟಿನಿಂದಲೋ ಎಳವೆಯ ತರಬೇತಿಯಿಂದಲೋ ದಕ್ಕಿದ ಆ ಒಂದು ದೊಡ್ಡ ಶಕ್ತಿಯನ್ನು. ಅದು ಒಬ್ಬರಲ್ಲಿ ವೇಗ, ಇನ್ನೊಬ್ಬರಲ್ಲಿ ಹೊಡೆತದ ಭಾರ, ಮತ್ತೊಬ್ಬರಲ್ಲಿ ಪೆಟ್ಟು ತಪ್ಪಿಸಿಕೊಳ್ಳುವ ಚುರುಕು. ನಿರೀಕ್ಷೆ ಹುಟ್ಟುವುದು ಅದರಿಂದ. ಆದರೆ ವೃತ್ತಿಪರ ಬಾಕ್ಸಿಂಗ್‌ನ ಹತ್ತು ಹದಿನೈದು ವರ್ಷಗಳಲ್ಲಿ ಆ ಶಕ್ತಿ ಒಂದಲ್ಲ ಒಂದು ದಿನ ಸವೆಯುತ್ತದೆ, ಮುರಿಯುತ್ತದೆ, ಅಥವಾ ಅದಕ್ಕೆ ಮದ್ದು ಬಲ್ಲ ಎದುರಾಳಿ ಎದುರಾಗುತ್ತಾನೆ. ಆ ದಿನಕ್ಕೆ ಎರಡನೆಯ ಕೈಯೊಂದು ಸಿದ್ಧವಾಗಿದೆಯೇ ಎಂಬುದನ್ನು ಮೊಳಕೆಯಲ್ಲಿ ಕಾಣಲು ಸಾಧ್ಯವಿಲ್ಲ, ಏಕೆಂದರೆ ಅನೇಕರಲ್ಲಿ ಅದು ಇನ್ನೂ ಹುಟ್ಟಿಯೇ ಇರುವುದಿಲ್ಲ.

ಒಲಿಂಪಿಕ್ಸ್ ಪದಕಗಳು ನಮ್ಮ ನಿರೀಕ್ಷೆಯನ್ನು ಎಷ್ಟು ದಾರಿ ತಪ್ಪಿಸಬಲ್ಲವು ಎಂಬುದಕ್ಕೆ 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಒಳ್ಳೆಯ ಪಾಠ. ಅಮೆರಿಕ ತಂಡ ಅಲ್ಲಿ ಐದು ಚಿನ್ನ ಗೆದ್ದಿತು: ಶುಗರ್ ರೇ ಲಿಯೊನಾರ್ಡ್, ಮೈಕೆಲ್ ಸ್ಪಿಂಕ್ಸ್, ಅವರ ಅಣ್ಣ ಲಿಯಾನ್ ಸ್ಪಿಂಕ್ಸ್, ಲಿಯೊ ರಾಂಡಾಲ್ಫ್ ಮತ್ತು ಹೋವರ್ಡ್ ಡೇವಿಸ್. ಒಲಿಂಪಿಕ್ಸ್‌ನ ಅತ್ಯುತ್ತಮ ಬಾಕ್ಸರ್‌ಗೆ ಕೊಡುವ ವ್ಯಾಲ್ ಬಾರ್ಕರ್ ಟ್ರೋಫಿ ಹೋದದ್ದು ಡೇವಿಸ್ ಅವರಿಗೆ. ಒಲಿಂಪಿಕ್ಸ್‌ನ ಹೊತ್ತಿನಲ್ಲೇ ತಾಯಿಯನ್ನು ಕಳೆದುಕೊಂಡಿದ್ದ ಆ ಇಪ್ಪತ್ತರ ತರುಣ ದುಃಖವನ್ನು ನುಂಗಿಕೊಂಡು ಆಡಿದ ರೀತಿ, ಅವರ ಕೈಗಳ ವೇಗ, ಕಾಲುಗಳ ಲಯ ನೋಡಿದವರೆಲ್ಲ ಲಿಯೊನಾರ್ಡ್‌ಗಿಂತ ಇವರೇ ಮೇಲೆ ಎಂದು ಮಾತನಾಡಿಕೊಂಡರು. ಆ ಐವರಲ್ಲಿ ವೃತ್ತಿಪರ ವಿಶ್ವ ಪ್ರಶಸ್ತಿಯನ್ನು ಒಮ್ಮೆಯೂ ಗೆಲ್ಲದೆ ಉಳಿದವರು ಡೇವಿಸ್ ಒಬ್ಬರೇ. 1980ರಲ್ಲಿ ಗ್ಲಾಸ್ಗೋದಲ್ಲಿ ಜಿಮ್ ವಾಟ್ ಅವರೆದುರು ಅಂಕಗಳ ಮೇಲೆ ಸೋತರು. 1984ರಲ್ಲಿ ಎಡ್ವಿನ್ ರೊಸಾರಿಯೊ ಅವರೆದುರು ಗೆಲುವಿನ ಅಂಚಿಗೆ ಬಂದಿದ್ದಾಗ ಕೊನೆಯ ಸುತ್ತಿನ ಕೊನೆಯ ಕ್ಷಣಗಳಲ್ಲಿ ನೆಲಕ್ಕುರುಳಿ, ತೀರ್ಪುದಾರರ ಒಡೆದ ತೀರ್ಪಿನಲ್ಲಿ ಪ್ರಶಸ್ತಿ ತಪ್ಪಿಸಿಕೊಂಡರು. 1988ರಲ್ಲಿ ಬಡ್ಡಿ ಮ್ಯಾಗರ್ಟ್ ಅವರೆದುರಿನ ಮೂರನೆಯ ಪ್ರಯತ್ನ ಮೊದಲ ಸುತ್ತಿನಲ್ಲೇ ಮುಗಿಯಿತು. ಮೂರು ಸುತ್ತುಗಳ ಹವ್ಯಾಸಿ ಪಂದ್ಯಕ್ಕೆ ಅವರ ವೇಗವೇ ಸಾಕಾಗುತ್ತಿತ್ತು; ಎದುರಾಳಿಗೆ ನೋವು ಮಾಡಿ ಅವನನ್ನು ಹಿಂದಕ್ಕೆ ತಳ್ಳಬೇಕಾದ ಹದಿನೈದು ಸುತ್ತುಗಳ ಆಟಕ್ಕೆ ಬೇಕಾದ ಇನ್ನೊಂದು ಶಕ್ತಿ ಅವರಲ್ಲಿ ಕೊನೆಯವರೆಗೂ ಪೂರ್ತಿ ಬೆಳೆಯಲಿಲ್ಲ. ಇದನ್ನು ನಾನು ಅವರ ಅವಹೇಳನಕ್ಕಾಗಿ ಹೇಳುತ್ತಿಲ್ಲ. ಮೂರು ಬಾರಿ ವಿಶ್ವ ಪ್ರಶಸ್ತಿಯ ಬಾಗಿಲು ತಟ್ಟುವ ಯೋಗ್ಯತೆ ಸಾವಿರಾರು ಬಾಕ್ಸರ್‌ಗಳಿಗೆ ಒಮ್ಮೆಯೂ ಬರುವುದಿಲ್ಲ. ಮಾಂಟ್ರಿಯಲ್‌ನಲ್ಲಿ ಆ ಟ್ರೋಫಿ ಅವರಿಗೆ ಸಿಗದೇ ಹೋಗಿದ್ದರೆ ಇಂದು ಯಾರೂ ಅವರನ್ನು ವಿಫಲರ ಪಟ್ಟಿಯಲ್ಲಿ ಹೆಸರಿಸುತ್ತಿರಲಿಲ್ಲ.

ಅದೇ ತಂಡದ ಮೈಕೆಲ್ ಸ್ಪಿಂಕ್ಸ್ ಅವರ ಕಥೆ ಇದಕ್ಕೆ ವಿರುದ್ಧ. ಅಣ್ಣ ಲಿಯಾನ್ 1978ರ ಫೆಬ್ರುವರಿಯಲ್ಲಿ ತಮ್ಮ ಎಂಟನೆಯ ವೃತ್ತಿಪರ ಪಂದ್ಯದಲ್ಲೇ ಮುಹಮ್ಮದ್ ಅಲಿ ಅವರನ್ನು ಸೋಲಿಸಿ ಜಗತ್ತನ್ನು ಬೆರಗುಗೊಳಿಸಿದರು, ಏಳು ತಿಂಗಳಲ್ಲಿ ಆ ಪ್ರಶಸ್ತಿಯನ್ನು ಅಲಿಗೇ ಹಿಂದಿರುಗಿಸಿದರು. ತಮ್ಮ ಮೈಕೆಲ್ ಆ ಗದ್ದಲದ ನೆರಳಿನಲ್ಲಿ ನಿಧಾನವಾಗಿ ಬೆಳೆದು, ಲೈಟ್ ಹೆವಿವೇಟ್ ವಿಭಾಗದ ಏಕಮೇವ ಚಾಂಪಿಯನ್ ಆಗಿ, 1985ರ ಸೆಪ್ಟೆಂಬರ್‌ನಲ್ಲಿ ಲ್ಯಾರಿ ಹೋಮ್ಸ್ ಅವರನ್ನು ಸೋಲಿಸಿದರು. ಲೈಟ್ ಹೆವಿವೇಟ್ ಚಾಂಪಿಯನ್ ಒಬ್ಬರು ಹೆವಿವೇಟ್ ವಿಶ್ವ ಪ್ರಶಸ್ತಿ ಗೆದ್ದದ್ದು ಅದೇ ಮೊದಲು.

ಹೋಮ್ಸ್ ಅವರ ಹೆಸರು ಬಂದದ್ದರಿಂದ ಅವರ ಬಗ್ಗೆ, ಜೊತೆಗೆ ಇಂದು ಬಹುಮಟ್ಟಿಗೆ ಮರೆತುಹೋಗಿರುವ ಡ್ವೇನ್ ಬಾಬಿಕ್ ಅವರ ಬಗ್ಗೆ ಕೆಲವು ಮಾತು. 1972ರ ಒಲಿಂಪಿಕ್ಸ್‌ಗೆ ಅಮೆರಿಕದ ತಂಡವನ್ನು ಆರಿಸುವಾಗ ಈ ಇಬ್ಬರೂ ಎದುರಾದರು. ಎದುರಾಳಿಯನ್ನು ತಬ್ಬಿ ಹಿಡಿದುಕೊಳ್ಳುತ್ತಾರೆಂಬ ಕಾರಣಕ್ಕೆ ರೆಫರಿ ಹೋಮ್ಸ್ ಅವರನ್ನು ಅನರ್ಹಗೊಳಿಸಿದರು. ಏಳನೆಯ ತರಗತಿಗೆ ಶಾಲೆ ಬಿಟ್ಟು ಕಾರು ತೊಳೆಯುವ ಕೆಲಸ ಮಾಡಿದ್ದ ಆ ಯುವಕನಿಗೆ ಎದೆಗಾರಿಕೆ ಇಲ್ಲ ಎಂಬ ಹಣೆಪಟ್ಟಿ ಅಂದೇ ಅಂಟಿಕೊಂಡಿತು. ಬಾಬಿಕ್ ಅವರಾದರೋ ಹಿಂದಿನ ವರ್ಷವಷ್ಟೇ ಕ್ಯೂಬಾದ ತಿಯೊಫಿಲೊ ಸ್ಟೀವನ್ಸನ್ ಅವರನ್ನು ಸೋಲಿಸಿದ್ದವರು. ಮ್ಯೂನಿಕ್‌ನಲ್ಲಿ ಅದೇ ಸ್ಟೀವನ್ಸನ್ ಅವರೆದುರು ಬಾಬಿಕ್ ಕುಸಿದರೂ ಅವರ ಮೇಲಿನ ಭರವಸೆ ಕುಸಿಯಲಿಲ್ಲ. ವೃತ್ತಿಪರರಾಗಿ ಸೋಲಿಲ್ಲದೆ 38 ಪಂದ್ಯ ಗೆದ್ದರು. 1977ರ ಮೇ ತಿಂಗಳಲ್ಲಿ ಕೆನ್ ನಾರ್ಟನ್ ಬಾಬಿಕ್ ಅವರನ್ನು 58 ಸೆಕೆಂಡ್‌ಗಳಲ್ಲಿ ಕೆಡವಿದರು. ಆ ಹೊತ್ತಿಗೆ ಹೋಮ್ಸ್ ಅವರು ಅಲಿ ಅವರ ಅಭ್ಯಾಸದ ಜೊತೆಗಾರನಾಗಿ ವರ್ಷಗಟ್ಟಲೆ ಪೆಟ್ಟು ತಿಂದು, ಜಗತ್ತಿನ ಶ್ರೇಷ್ಠ ಜಾಬ್ ಹೇಗಿರುತ್ತದೆಂಬುದನ್ನು ಮುಖದ ಮೇಲೆಯೇ ಕಲಿತಿದ್ದರು. 1978ರ ಜೂನ್‌ನಲ್ಲಿ ಅದೇ ನಾರ್ಟನ್ ಅವರೊಂದಿಗೆ ಹದಿನೈದು ಸುತ್ತು ಕಾದಾಡಿ ಚಾಂಪಿಯನ್ ಆದರು. ಮೈಕೆಲ್ ಸ್ಪಿಂಕ್ಸ್ ಅವರೆದುರು ಸೋಲುವ ಮುನ್ನ ಸತತ 48 ಪಂದ್ಯಗಳನ್ನು ಗೆದ್ದಿದ್ದರು. ನನಗೆ ಇನ್ನೂ ಮುಖ್ಯವಾಗಿ ಕಾಣುವುದು 1992ರ ಫೆಬ್ರುವರಿ. ಆಗ ಅವರಿಗೆ 42 ವರ್ಷ, ಕಾಲುಗಳು ಹೋಗಿದ್ದವು. ಒಲಿಂಪಿಕ್ಸ್ ಚಿನ್ನ ಗೆದ್ದಿದ್ದ, ಅದುವರೆಗೆ ಸೋಲರಿಯದ ರೇ ಮರ್ಸರ್ ಅವರೆದುರು ಹೋಮ್ಸ್ ಹಗ್ಗಕ್ಕೆ ಒರಗಿ ನಿಂತು, ಓಡಾಡುವ ಬದಲು ಕೋನ ಮತ್ತು ಸಮಯದ ಲೆಕ್ಕದಿಂದ ಆಡಿ ಗೆದ್ದರು. ಇಪ್ಪತ್ತಾರರಲ್ಲಿ ಅವರು ಹಾಗೆ ಆಡಿರಲಿಲ್ಲ, ಆಡುವ ಅಗತ್ಯವೂ ಇರಲಿಲ್ಲ.

ಇಲ್ಲಿ ಸೋಲಿಲ್ಲದ ದಾಖಲೆಯ ಬಗ್ಗೆ ಒಂದು ಮಾತು. 38 ಗೆಲುವು, ಸೊನ್ನೆ ಸೋಲು ಎಂಬ ಅಂಕಿ ನೋಡಲು ಘನವಾಗಿರುತ್ತದೆ. ಆದರೆ ವೃತ್ತಿಪರ ಬಾಕ್ಸಿಂಗ್‌ನಲ್ಲಿ ಎದುರಾಳಿಯನ್ನು ಆರಿಸುವವರು ಪ್ರವರ್ತಕರು ಮತ್ತು ಮ್ಯಾನೇಜರ್‌ಗಳು. ಹಣ ತರಬಲ್ಲ ಹುಡುಗನಿಗೆ ಅವನ ದೌರ್ಬಲ್ಯವನ್ನು ಹೊರಗೆಡಹದ ಎದುರಾಳಿಗಳನ್ನೇ ವರ್ಷಗಟ್ಟಲೆ ಹುಡುಕಿ ಕೊಡುವುದು ಅಲ್ಲಿ ಒಪ್ಪಿತವಾದ ಕಸುಬು. ಹೀಗೆ ಕಟ್ಟಿದ ದಾಖಲೆ ನಿರೀಕ್ಷೆಯನ್ನು ಬೆಳೆಸುತ್ತದೆ, ಬಾಕ್ಸರನನ್ನು ಬೆಳೆಸುವುದಿಲ್ಲ. ಹೆನ್ರಿ ಆರ್ಮ್‌ಸ್ಟ್ರಾಂಗ್ 1931ರಲ್ಲಿ ತಮ್ಮ ಮೊದಲ ವೃತ್ತಿಪರ ಪಂದ್ಯದಲ್ಲೇ ನಾಕೌಟ್ ಆದರು. 1938ರಲ್ಲಿ ಮೂರು ತೂಕವಿಭಾಗಗಳ ವಿಶ್ವ ಪ್ರಶಸ್ತಿಗಳು ಏಕಕಾಲಕ್ಕೆ ಅವರ ಬಳಿ ಇದ್ದವು. ಗ್ಲೆನ್ ಜಾನ್ಸನ್ 2004ರ ಸೆಪ್ಟೆಂಬರ್‌ನಲ್ಲಿ ರಾಯ್ ಜೋನ್ಸ್ ಅವರನ್ನು ಒಂಬತ್ತನೆಯ ಸುತ್ತಿನಲ್ಲಿ ಕೆಡವಿದಾಗ ಅವರ ಹೆಸರಿನ ಮುಂದೆ ಒಂಬತ್ತು ಸೋಲುಗಳಿದ್ದವು, ಅವುಗಳಲ್ಲಿ ಹಲವು ಪರಸ್ಥಳದಲ್ಲಿ ಸಂಶಯದ ತೀರ್ಪಿನಿಂದ ಬಂದವು. ಅದೇ ಡಿಸೆಂಬರ್‌ನಲ್ಲಿ ಅವರು ಆಂಟೋನಿಯೊ ಟಾರ್ವರ್ ಅವರನ್ನೂ ಸೋಲಿಸಿದರು. ಆ ವರ್ಷದ ಶ್ರೇಷ್ಠ ಬಾಕ್ಸರ್ ಎಂಬ ಗೌರವ, ವೃತ್ತಿಯುದ್ದಕ್ಕೂ ಇತರರ ದಾಖಲೆ ಬೆಳೆಸಲು ಕರೆಸಿಕೊಳ್ಳುತ್ತಿದ್ದ ಆ ಮನುಷ್ಯನಿಗೆ ಬಂದಿತು.

ನಿರೀಕ್ಷೆಗೆ ನಿಲುಕದವರ ಮಾತು ಬಂದಾಗ ಮೈಕ್ ಟೈಸನ್ ಅವರನ್ನು ಬಿಟ್ಟು ಮುಂದೆ ಹೋಗಲಾಗದು. 1986ರ ನವೆಂಬರ್ 22ರಂದು ಟ್ರೆವರ್ ಬರ್ಬಿಕ್ ಅವರನ್ನು ಎರಡನೆಯ ಸುತ್ತಿನಲ್ಲಿ ಮುಗಿಸಿ, 20 ವರ್ಷ 4 ತಿಂಗಳ ವಯಸ್ಸಿಗೆ ಹೆವಿವೇಟ್ ಚಾಂಪಿಯನ್ ಆದವರನ್ನು ವಿಫಲ ಎನ್ನಬಹುದೇ ಎಂದು ನೀವು ಕೇಳಬಹುದು. ವಿಫಲ ಎಂದು ನಾನೂ ಹೇಳುವುದಿಲ್ಲ. ಆದರೆ 1988ರ ಜೂನ್ 27ರಂದು ಮೈಕೆಲ್ ಸ್ಪಿಂಕ್ಸ್ ಅವರನ್ನು 91 ಸೆಕೆಂಡ್‌ಗಳಲ್ಲಿ ಕೆಡವಿದ ರಾತ್ರಿ ಇನ್ನು ಹತ್ತು ವರ್ಷ ಇವರನ್ನು ಸೋಲಿಸುವವರಿಲ್ಲ ಎಂದು ಲೋಕ ನಂಬಿತ್ತು, ಮತ್ತು ಅಂದಿನ ಟೈಸನ್ ಅವರನ್ನು ನೋಡಿದವರಿಗೆ ಆ ನಂಬಿಕೆ ಅತಿಶಯವೆನಿಸುವುದಿಲ್ಲ. ಅವರ ಹೊಡೆತದ ಭಾರದ ಬಗ್ಗೆ ಎಲ್ಲರೂ ಮಾತನಾಡುತ್ತಿದ್ದರು. ನಿಜವಾದ ಶಕ್ತಿ ಆ ಹೊಡೆತಕ್ಕೆ ದಾರಿ ಮಾಡಿಕೊಡುತ್ತಿದ್ದ ತಲೆಯ ಚಲನೆಯಲ್ಲಿತ್ತು. ಎದುರಾಳಿಗಳಿಗಿಂತ ಗಿಡ್ಡರಾಗಿದ್ದ ಟೈಸನ್ ಅವರಿಗೆ, ಎರಡೂ ಕೈಗಳನ್ನು ಕೆನ್ನೆಗೆ ತಾಗಿಸಿ, ತಲೆಯನ್ನು ಎಡಬಲಕ್ಕೆ ತೂಗುತ್ತ, ಜಾಬ್‌ಗಳ ಕೆಳಗಿನಿಂದ ನುಸುಳಿ ಹತ್ತಿರ ಹೋಗುವ ವಿದ್ಯೆಯನ್ನು ಕಲಿಸಿದವರು ಕಸ್ ಡಮಾಟೊ. ಡಮಾಟೊ 1985ರ ನವೆಂಬರ್‌ನಲ್ಲಿ, ಶಿಷ್ಯ ಚಾಂಪಿಯನ್ ಆಗುವುದಕ್ಕೆ ಒಂದು ವರ್ಷ ಮೊದಲೇ, ತೀರಿಕೊಂಡರು. ಆ ವಿದ್ಯೆಯನ್ನು ದಿನವೂ ತಿದ್ದುತ್ತಿದ್ದ ಕೆವಿನ್ ರೂನಿ ಅವರನ್ನು ಸ್ಪಿಂಕ್ಸ್ ಪಂದ್ಯದ ನಂತರ ಕೆಲಸದಿಂದ ತೆಗೆಯಲಾಯಿತು. ಅಲ್ಲಿಂದ ಮುಂದಿನ ಪಂದ್ಯಗಳನ್ನು ಗಮನಿಸಿ ನೋಡಿದರೆ ತಲೆಯ ತೂಗಾಟ ಕಡಿಮೆಯಾಗುತ್ತ, ಸಾಲಾಗಿ ಬರುತ್ತಿದ್ದ ನಾಲ್ಕೈದು ಹೊಡೆತಗಳ ಬದಲು ಒಂದೇ ದೊಡ್ಡ ಹೊಡೆತವನ್ನು ಹುಡುಕುವ ಚಟ ಬೆಳೆಯುತ್ತ ಹೋದದ್ದು ಕಾಣುತ್ತದೆ. ಇದ್ದ ವಿದ್ಯೆ ಸವೆಯುತ್ತಿತ್ತು, ಹೊಸತು ಯಾವುದೂ ಸೇರುತ್ತಿರಲಿಲ್ಲ.

1990ರ ಫೆಬ್ರುವರಿ 11ರಂದು ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ಅವರಿಗೆ ಎದುರಾದದ್ದು ಈ ಟೈಸನ್. ಡಗ್ಲಸ್ ಗೆಲುವಿಗೆ ಒಂದಕ್ಕೆ ನಲವತ್ತೆರಡು ಎಂಬ ಬಾಜಿಯ ದರ ಬಾಕ್ಸಿಂಗ್ ಇತಿಹಾಸದಲ್ಲೇ ಪ್ರಸಿದ್ಧವಾಗಿದೆ. ಅವರಲ್ಲಿ ಪ್ರತಿಭೆ ಎಂದೂ ಕಡಿಮೆ ಇರಲಿಲ್ಲ. ಕಷ್ಟ ಬಂದಾಗ ಕೈಚೆಲ್ಲುತ್ತಾರೆಂಬ ಅಪವಾದವಿತ್ತು, 1987ರಲ್ಲಿ ಟೋನಿ ಟಕರ್ ಅವರೆದುರು ಚೆನ್ನಾಗಿ ಆಡುತ್ತಿದ್ದೂ ಹತ್ತನೆಯ ಸುತ್ತಿನಲ್ಲಿ ಸೋತದ್ದು ಅದಕ್ಕೆ ಪುಷ್ಟಿ ಕೊಟ್ಟಿತ್ತು. ಟೋಕಿಯೊ ಪಂದ್ಯಕ್ಕೆ 23 ದಿನ ಮುಂಚೆ ಅವರ ತಾಯಿ ತೀರಿಕೊಂಡರು. ಆ ರಾತ್ರಿ ಅವರು ಉದ್ದನೆಯ ಜಾಬ್‌ನಿಂದ ಟೈಸನ್ ಅವರನ್ನು ದೂರ ನಿಲ್ಲಿಸಿ, ನುಗ್ಗಿ ಬಂದಾಗ ಬಲಗೈಯಿಂದ ತಡೆದು, ಹತ್ತಿರವಾದಾಗ ಹಿಡಿದು, ಮಾಡಬೇಕಾದ ಎಲ್ಲವನ್ನೂ ಮಾಡಿದರು. ಟೈಸನ್ ಅವರ ಕಣ್ಣು ಊದಿಕೊಂಡಾಗ ಊತ ಇಳಿಸಲು ಬಳಸುವ ತಣ್ಣನೆಯ ಲೋಹದ ಪಟ್ಟಿ ಕೂಡ ಅವರ ಸಹಾಯಕರ ಬಳಿ ಇರಲಿಲ್ಲ, ರಬ್ಬರ್ ಕೈಗವಸಿಗೆ ಐಸ್ ನೀರು ತುಂಬಿ ಒತ್ತಿದರು. ಡಮಾಟೊ ಮತ್ತು ರೂನಿ ಇದ್ದ ಜಾಗಕ್ಕೆ ಎಂಥವರು ಬಂದಿದ್ದರೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಎಂಟನೆಯ ಸುತ್ತಿನ ಕೊನೆಗೆ ಡಗ್ಲಸ್ ನೆಲಕ್ಕೆ ಬಿದ್ದರು. ಅಪವಾದ ನಿಜವಾಗುವುದಿದ್ದರೆ ಅಲ್ಲಿ ನಿಜವಾಗಬೇಕಿತ್ತು. ಅವರು ಎದ್ದರು, ಹತ್ತನೆಯ ಸುತ್ತಿನಲ್ಲಿ ಟೈಸನ್ ಅವರನ್ನು ಕೆಡವಿದರು.

ಡಗ್ಲಸ್ ನಿರೀಕ್ಷೆಯನ್ನು ಮೀರಿದರೋ ನಿಲುಕದೆ ಹೋದರೋ? ಎಂಟು ತಿಂಗಳ ನಂತರ, 1990ರ ಅಕ್ಟೋಬರ್ 25ರಂದು, ಎವಾಂಡರ್ ಹೋಲಿಫೀಲ್ಡ್ ಅವರೆದುರು ಬಂದಾಗ ಅವರ ತೂಕ 246 ಪೌಂಡ್, ಟೋಕಿಯೊದಲ್ಲಿದ್ದುದಕ್ಕಿಂತ ಸುಮಾರು 15 ಪೌಂಡ್ ಹೆಚ್ಚು. ಮೂರನೆಯ ಸುತ್ತಿನಲ್ಲಿ ಪಂದ್ಯ ಮುಗಿಯಿತು, ಸುಮಾರು 2.4 ಕೋಟಿ ಡಾಲರ್ ಸಂಭಾವನೆಯೊಂದಿಗೆ ಅವರು ಹಲವು ವರ್ಷ ರಿಂಗ್‌ನಿಂದ ದೂರವಾದರು. 2019ರಲ್ಲಿ ಆ್ಯಂಡಿ ರೂಯಿಸ್ ವಿಷಯದಲ್ಲೂ ಬಹುಮಟ್ಟಿಗೆ ಇದೇ ಆಯಿತು: ಬೇರೊಬ್ಬರ ಬದಲಿಗೆ ಬಂದು ಜೂನ್ 1ರಂದು ಆಂಟನಿ ಜೋಶುವಾ ಅವರನ್ನು ನಾಲ್ಕು ಬಾರಿ ನೆಲಕ್ಕೆ ಕೆಡವಿ ಗೆದ್ದವರು, ಡಿಸೆಂಬರ್‌ನ ಮರುಪಂದ್ಯಕ್ಕೆ 15 ಪೌಂಡ್ ಹೆಚ್ಚಿಸಿಕೊಂಡು ಬಂದು ಸೋತರು. ಜನ ಇವರನ್ನು ಜರೆಯುತ್ತಾರೆ. ನನಗೆ ಮಾತ್ರ ಟೋಕಿಯೊದ ಆ ಹತ್ತು ಸುತ್ತುಗಳು, ಒಬ್ಬ ಮನುಷ್ಯ ತಾನು ಆಗಬಹುದಾಗಿದ್ದ ಎಲ್ಲವೂ ಒಂದೇ ರಾತ್ರಿ ಆದದ್ದರ ದಾಖಲೆಯಾಗಿ ಕಾಣುತ್ತವೆ. ಆ ರಾತ್ರಿಯ ನಂತರ ಅವರಿಗೆ ಮತ್ತೇನಾದರೂ ಸಾಬೀತು ಮಾಡುವ ಹಸಿವು ಉಳಿಯಲಿಲ್ಲ ಎಂಬುದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ.

ಎರಡನೆಯ ಕೈ ಎಂಬ ಮಾತನ್ನು ಅಕ್ಷರಶಃ ಅನ್ವಯಿಸಬಹುದಾದ ಇನ್ನೊಬ್ಬರು ಫಿಲಿಪ್ಪೀನ್ಸ್‌ನ ಮ್ಯಾನಿ ಪ್ಯಾಕ್ವಿಯಾವೊ. ಹದಿನಾರನೆಯ ವಯಸ್ಸಿಗೆ ವೃತ್ತಿಪರರಾದ ಅವರು 1998ರಲ್ಲಿ ಫ್ಲೈವೇಟ್ ಚಾಂಪಿಯನ್ ಆದರು. ಮರುವರ್ಷ ಥಾಯ್ಲೆಂಡ್‌ನಲ್ಲಿ ತೂಕದ ಮಿತಿ ಮೀರಿ ಪ್ರಶಸ್ತಿಯನ್ನು ತಕ್ಕಡಿಯ ಮೇಲೇ ಕಳೆದುಕೊಂಡು, ಪಂದ್ಯದಲ್ಲೂ ಮೂರನೆಯ ಸುತ್ತಿನಲ್ಲಿ ನಾಕೌಟ್ ಆದರು. 2001ರಲ್ಲಿ ಅಮೆರಿಕಕ್ಕೆ ಬಂದಾಗ ಅಲ್ಲಿ ಅವರನ್ನು ಬಲ್ಲವರು ವಿರಳ. ಜೂನ್ 23ರಂದು ಗಾಯಗೊಂಡವರೊಬ್ಬರ ಬದಲಿಗೆ, ಸುಮಾರು ಎರಡು ವಾರಗಳ ಮುನ್ಸೂಚನೆಯಲ್ಲಿ ರಿಂಗ್‌ಗೆ ಇಳಿದು ಲೆಹ್ಲೊ ಲೆಡ್ವಾಬಾ ಅವರನ್ನು ಆರನೆಯ ಸುತ್ತಿನಲ್ಲಿ ಸೋಲಿಸಿದರು. ಆಗ ಅವರ ಆಟವೆಲ್ಲ ಎಡಗೈಯ ನೇರ ಹೊಡೆತ. 2005ರ ಮಾರ್ಚ್‌ನಲ್ಲಿ ಎರಿಕ್ ಮೊರಾಲೆಸ್ ಆ ಎಡಗೈಯನ್ನು ಓದಿಕೊಂಡು ಅವರನ್ನು ಅಂಕಗಳ ಮೇಲೆ ಸೋಲಿಸಿದರು. ಆ ಸೋಲಿನ ನಂತರ ತರಬೇತುದಾರ ಫ್ರೆಡ್ಡಿ ರೋಚ್ ಮತ್ತು ಪ್ಯಾಕ್ವಿಯಾವೊ ಬಲಗೈಯನ್ನು ಬಾಗಿಸಿ ಪಕ್ಕದಿಂದ ಕೊಡುವ ಹುಕ್ ಹೊಡೆತದ ಮೇಲೆ ದುಡಿದರು. 2006ರಲ್ಲಿ ಮೊರಾಲೆಸ್ ಅವರನ್ನು ಎರಡು ಬಾರಿ ನಿಗದಿತ ಸುತ್ತುಗಳು ಮುಗಿಯುವ ಮೊದಲೇ ಸೋಲಿಸಿದರು. 112 ಪೌಂಡ್‌ನ ಫ್ಲೈವೇಟ್‌ನಿಂದ ಹೊರಟು 2010ರ ಹೊತ್ತಿಗೆ ಎಂಟು ತೂಕವಿಭಾಗಗಳಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಏಕೈಕ ಬಾಕ್ಸರ್ ಆದರು. ಥಾಯ್ಲೆಂಡ್‌ನ ಆ ರಾತ್ರಿ ಇದನ್ನು ಊಹಿಸಿದವರು ಯಾರೂ ಇರಲಾರರು.

ಬರ್ನಾರ್ಡ್ ಹಾಪ್ಕಿನ್ಸ್ ಅವರ ಮೇಲಂತೂ ಯಾರಿಗೂ ಯಾವ ನಿರೀಕ್ಷೆಯೂ ಇರಲಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ ದರೋಡೆ ಪ್ರಕರಣಗಳಿಗಾಗಿ ಜೈಲು ಸೇರಿ, ಐದು ವರ್ಷಗಳಷ್ಟು ಕಾಲ ಅಲ್ಲಿ ಕಳೆದು ಹೊರಬಂದವರು. 1988ರ ಅಕ್ಟೋಬರ್‌ನಲ್ಲಿ ಮೊದಲ ವೃತ್ತಿಪರ ಪಂದ್ಯದಲ್ಲಿ ಸೋತು ಒಂದು ವರ್ಷಕ್ಕೂ ಹೆಚ್ಚು ಕಾಲ ರಿಂಗ್‌ಗೆ ಮರಳಲಿಲ್ಲ. 1993ರಲ್ಲಿ ರಾಯ್ ಜೋನ್ಸ್ ಅವರೆದುರು ಮೊದಲ ವಿಶ್ವ ಪ್ರಶಸ್ತಿ ಪಂದ್ಯವನ್ನು ಸೋತರು. 1995ರಲ್ಲಿ ಕೊನೆಗೂ ಮಿಡಲ್‌ವೇಟ್ ಚಾಂಪಿಯನ್ ಆಗಿ ಆ ಪ್ರಶಸ್ತಿಯನ್ನು ಹತ್ತು ವರ್ಷ, ಇಪ್ಪತ್ತು ಬಾರಿ ಉಳಿಸಿಕೊಂಡರು. 2001ರ ಸೆಪ್ಟೆಂಬರ್‌ನಲ್ಲಿ ಸೋಲರಿಯದ ಫೆಲಿಕ್ಸ್ ಟ್ರಿನಿಡಾಡ್ ಅವರೆದುರು ಬಂದಾಗ ಹಾಪ್ಕಿನ್ಸ್ ಅವರಿಗೆ 36. ಬಹುಪಾಲು ಜನ ಟ್ರಿನಿಡಾಡ್ ಗೆಲ್ಲುವರೆಂದೇ ಭಾವಿಸಿದ್ದರು. ಹನ್ನೆರಡನೆಯ ಸುತ್ತಿನಲ್ಲಿ ಹಾಪ್ಕಿನ್ಸ್ ಆ ಪಂದ್ಯವನ್ನು ನಿಲ್ಲಿಸಿದರು. ಈ ಬದುಕಿನಲ್ಲಿ ನಾನು ಹೆಚ್ಚು ಹೊತ್ತು ನಿಂತು ನೋಡುವುದು ಆಟದ ಬದಲಾವಣೆಯನ್ನು. ಮುನ್ನುಗ್ಗಿ ಬಡಿಯುವ ಬಾಕ್ಸರ್ ಆಗಿ ಆರಂಭಿಸಿದವರು ವಯಸ್ಸಾದಂತೆ ಸುತ್ತೊಂದಕ್ಕೆ ಎಸೆಯುವ ಹೊಡೆತಗಳನ್ನು ಕಡಿಮೆ ಮಾಡುತ್ತ, ಎದುರಾಳಿಯ ಮುಂಗಾಲಿನ ಜಾಗವನ್ನು ತಾನು ಹಿಡಿಯುತ್ತ, ಅವನು ಹೊಡೆಯಲು ಅಣಿಯಾದ ಆ ಅರೆಕ್ಷಣದಲ್ಲಿ ಹಿಡಿದು ಲಯ ಮುರಿಯುತ್ತ, ಇಡೀ ಪಂದ್ಯವನ್ನು ತನ್ನ ನಡಿಗೆಯ ವೇಗಕ್ಕೆ ಇಳಿಸಿಕೊಂಡರು. ಅದು ನೋಡಲು ಸೊಗಸಲ್ಲ ಎಂದು ಅನೇಕರು ದೂರಿದ್ದಾರೆ, ಆ ದೂರಿನಲ್ಲಿ ಹುರುಳಿದೆ. ಆದರೂ 2011ರ ಮೇ ತಿಂಗಳಲ್ಲಿ ಮಾಂಟ್ರಿಯಲ್‌ನಲ್ಲಿ ಜಾನ್ ಪ್ಯಾಸ್ಕಲ್ ಅವರನ್ನು ಸೋಲಿಸಿ 46ರ ವಯಸ್ಸಿಗೆ ವಿಶ್ವ ಪ್ರಶಸ್ತಿ ಗೆದ್ದಾಗ, ಒಂದು ಸುತ್ತು ಆರಂಭವಾಗುವ ಮುನ್ನ ಅವರು ರಿಂಗ್‌ನಲ್ಲೇ ದಂಡ ಹೊಡೆದದ್ದನ್ನು ನೋಡಿದವರಿಗೆ, ಜೈಲಿನ ಕಟ್ಟುನಿಟ್ಟಿನ ದಿನಚರಿಯನ್ನು ಹೊರಗೂ ಬಿಡದೆ ಬದುಕಿದ ಆ ದೇಹ ಎಷ್ಟು ಕಾಲ ಬಾಳಿತೆಂಬುದು ಮರೆಯುವುದಿಲ್ಲ.

ಅತಿ ಹೆಚ್ಚು ವಯಸ್ಸಿನಲ್ಲಿ ವಿಶ್ವ ಪ್ರಶಸ್ತಿ ಗೆದ್ದು ಹಾಪ್ಕಿನ್ಸ್ ಮುರಿದದ್ದು ಜಾರ್ಜ್ ಫೋರ್‌ಮನ್ ಅವರ ದಾಖಲೆಯನ್ನು. 1974ರಲ್ಲಿ ಕಿನ್ಶಾಸಾದಲ್ಲಿ ಅಲಿ ಅವರೆದುರು ಸೋತು, 1977ರಲ್ಲಿ ಆಟ ಬಿಟ್ಟು, ಹತ್ತು ವರ್ಷ ಧರ್ಮಬೋಧಕರಾಗಿದ್ದು, ಮರಳಿ ಬಂದ ಫೋರ್‌ಮನ್ 1994ರ ನವೆಂಬರ್ 5ರಂದು 45ರ ವಯಸ್ಸಿನಲ್ಲಿ ಮೈಕೆಲ್ ಮೂರರ್ ಅವರನ್ನು ಹತ್ತನೆಯ ಸುತ್ತಿನಲ್ಲಿ ಕೆಡವಿದರು. ಕಿನ್ಶಾಸಾದಲ್ಲಿ ಅಲಿ ಅವರ ಜೊತೆಗಿದ್ದ ಆ್ಯಂಜೆಲೊ ಡಂಡಿ ಅಂದು ಫೋರ್‌ಮನ್ ಅವರ ಕಡೆ ನಿಂತಿದ್ದರು. ತಾರುಣ್ಯದಲ್ಲಿ ಎರಡು ಮೂರು ಸುತ್ತಿನಲ್ಲಿ ಎಲ್ಲವನ್ನೂ ಮುಗಿಸುವ ಅವಸರದಿಂದ ಸೋತಿದ್ದ ವ್ಯಕ್ತಿ, ಒಂಬತ್ತು ಸುತ್ತುಗಳಲ್ಲಿ ಹಿಂದೆ ಬಿದ್ದಿದ್ದರೂ ಕಾಯಲು ಕಲಿತಿದ್ದರು.

ಮೇರಿ ಕೋಮ್ ಅವರ ಸಾಧನೆಯನ್ನು ಇದೇ ಕಣ್ಣಿನಿಂದ ನೋಡಬೇಕೆಂದು ನನ್ನ ವಿನಂತಿ. 2002ರಿಂದ 2010ರವರೆಗೆ ಐದು ವಿಶ್ವ ಚಾಂಪಿಯನ್‌ಷಿಪ್ ಗೆದ್ದವರಿಂದ ಒಲಿಂಪಿಕ್ಸ್ ಪದಕ ನಿರೀಕ್ಷಿಸುವುದು ಸಹಜವೆನಿಸುತ್ತದೆ. ಆದರೆ 2012ರ ಲಂಡನ್ ಒಲಿಂಪಿಕ್ಸ್‌ಗೆ ಮಹಿಳಾ ಬಾಕ್ಸಿಂಗ್ ಮೊದಲ ಬಾರಿ ಸೇರಿದಾಗ ಇದ್ದದ್ದು ಮೂರೇ ವಿಭಾಗಗಳು, ಅವುಗಳಲ್ಲಿ ಅತ್ಯಂತ ಹಗುರವಾದದ್ದು 51 ಕಿಲೋ. 46 ಮತ್ತು 48 ಕಿಲೋ ವಿಭಾಗಗಳಲ್ಲಿ ಗೆದ್ದು ಬಂದ ಅವರು ತಮಗಿಂತ ಎತ್ತರದ, ಉದ್ದ ತೋಳಿನ ಎದುರಾಳಿಗಳೊಂದಿಗೆ ಆಡಬೇಕಾಯಿತು. ಒಳನುಗ್ಗುವ ಮತ್ತು ಹೊರಬರುವ ಕ್ಷಣಗಳನ್ನು ಹೊಸದಾಗಿ ಕಲಿತು ಅಲ್ಲಿಂದ ತಂದ ಕಂಚನ್ನು ಚಿನ್ನ ತಪ್ಪಿದ ಕಥೆಯಾಗಿ ಹೇಳುವವರು ಆ ಮೂರು ಕಿಲೋಗಳ ಭಾರವನ್ನು ಅರಿಯರು. 2018ರಲ್ಲಿ, ಮೂವರು ಮಕ್ಕಳ ತಾಯಿಯಾಗಿ, 35ರ ವಯಸ್ಸಿನಲ್ಲಿ ಅವರು 48 ಕಿಲೋ ವಿಭಾಗಕ್ಕೆ ಮರಳಿ ಆರನೆಯ ವಿಶ್ವ ಪ್ರಶಸ್ತಿ ಗೆದ್ದರು.

ನನ್ನ ಈ ವಾದ ಎಲ್ಲರಿಗೂ ಅನ್ವಯಿಸುವುದಿಲ್ಲ ಎಂಬುದನ್ನು ಮೆಲ್ಡ್ರಿಕ್ ಟೇಲರ್ ಅವರನ್ನು ನೆನೆಯದೆ ಒಪ್ಪಿಕೊಳ್ಳಲಾರೆ. 17ನೆಯ ವಯಸ್ಸಿನಲ್ಲಿ 1984ರ ಒಲಿಂಪಿಕ್ಸ್ ಚಿನ್ನ ಗೆದ್ದ ಟೇಲರ್, 1990ರ ಮಾರ್ಚ್ 17ರಂದು ಹೂಲಿಯೊ ಸೀಸರ್ ಚಾವೆಸ್ ಅವರೆದುರು ಹನ್ನೊಂದು ಸುತ್ತುಗಳ ನಂತರ ಇಬ್ಬರು ತೀರ್ಪುದಾರರ ಲೆಕ್ಕದಲ್ಲಿ ಬಹಳ ಮುಂದಿದ್ದರು. ಹನ್ನೆರಡನೆಯ ಸುತ್ತು ಮುಗಿಯಲು ಕೆಲವೇ ಸೆಕೆಂಡ್‌ಗಳಿದ್ದಾಗ ಅವರು ನೆಲಕ್ಕೆ ಬಿದ್ದು ಎದ್ದರು. ರೆಫರಿ ರಿಚರ್ಡ್ ಸ್ಟೀಲ್ ಕೇಳಿದ ಪ್ರಶ್ನೆಗೆ ಅವರಿಂದ ಉತ್ತರ ಬರಲಿಲ್ಲ, ಎರಡು ಸೆಕೆಂಡ್ ಉಳಿದಿರುವಾಗ ಸ್ಟೀಲ್ ಪಂದ್ಯ ನಿಲ್ಲಿಸಿದರು. ಆ ತೀರ್ಮಾನ ಸರಿಯೇ ತಪ್ಪೇ ಎಂಬ ವಾದ ಇಂದಿಗೂ ನಡೆಯುತ್ತದೆ. ನಾನು ಸ್ಟೀಲ್ ಅವರ ಪಕ್ಷದಲ್ಲಿದ್ದೇನೆ. ಗಡಿಯಾರ ನೋಡುವುದು ರೆಫರಿಯ ಕೆಲಸವಲ್ಲ, ಮುಂದಿರುವ ಮನುಷ್ಯನ ಕಣ್ಣು ನೋಡುವುದು ಅವನ ಕೆಲಸ. ಟೇಲರ್ ಅವರ ಕಣ್ಣಿನ ಸುತ್ತಲ ಮೂಳೆ ಅಂದು ಮುರಿದಿತ್ತು. ಮರುವರ್ಷ ಇನ್ನೊಂದು ವಿಭಾಗದ ಪ್ರಶಸ್ತಿ ಗೆದ್ದರೂ ಹಳೆಯ ಟೇಲರ್ ಮತ್ತೆ ಕಾಣಲಿಲ್ಲ, ಮುಂದಿನ ವರ್ಷಗಳಲ್ಲಿ ಅವರ ಮಾತೇ ತೊದಲತೊಡಗಿತು. ಅವರು ಹೊಸದನ್ನು ಕಲಿಯಲಿಲ್ಲ ಎಂದು ಹೇಳುವ ಹಕ್ಕು ನಮಗಿಲ್ಲ. ಕಲಿಯಲು ಬೇಕಾದ ದೇಹವನ್ನೇ ಆ ರಾತ್ರಿ ಕಿತ್ತುಕೊಂಡಿತ್ತು. ನಿರೀಕ್ಷೆಗೆ ನಿಲುಕದವರ ಪಟ್ಟಿಗಳಲ್ಲಿ ಅವರ ಹೆಸರು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಬ್ರಾಡಕ್ ಅವರ ಕಥೆಯನ್ನು ನಾನು ಅರ್ಧಕ್ಕೆ ಬಿಟ್ಟಿದ್ದೆ. 1937ರ ಜೂನ್ 22ರಂದು ಶಿಕಾಗೊದಲ್ಲಿ ಅವರು ಜೋ ಲೂಯಿಸ್ ಅವರೆದುರು ಬಂದರು. ಮೊದಲ ಸುತ್ತಿನಲ್ಲೇ ಲೂಯಿಸ್ ಅವರನ್ನು ನೆಲಕ್ಕೆ ಕೆಡವಿದರು. ಕೆಡವಿದ್ದು ಎಷ್ಟೋ ಬಾರಿ ಮುರಿದಿದ್ದ ಆ ಬಲಗೈ. ಅಲ್ಲಿಂದ ಮುಂದೆ ತೀವ್ರವಾದ ಪೆಟ್ಟು ತಿಂದರೂ ಪಂದ್ಯ ನಿಲ್ಲಿಸಲು ಮ್ಯಾನೇಜರ್ ಜೋ ಗೋಲ್ಡ್ ಅವರಿಗೆ ಅವಕಾಶ ಕೊಡಲಿಲ್ಲ, ಎಂಟನೆಯ ಸುತ್ತಿನಲ್ಲಿ ಲೂಯಿಸ್ ಬ್ರಾಡಕ್ ಅವರನ್ನು ಕೆಡವಿದರು. 1938ರ ಜನವರಿಯಲ್ಲಿ ಟಾಮಿ ಫಾರ್ ಅವರೆದುರು ಇನ್ನೊಂದೇ ಪಂದ್ಯ ಆಡಿ, ಗೆದ್ದು, ನಿವೃತ್ತರಾದರು. ಹಲವು ವರ್ಷಗಳ ನಂತರ ನ್ಯೂಯಾರ್ಕ್‌ನ ಕೊಲ್ಲಿಯ ಬಾಯಿಗೆ ಅಡ್ಡಲಾಗಿ ವೆರಜಾನೊ ಸೇತುವೆ ಕಟ್ಟುವಾಗ ಅಲ್ಲಿ ಯಂತ್ರಗಳನ್ನು ನಡೆಸುತ್ತಿದ್ದ ಕೆಲಸಗಾರರಲ್ಲಿ ಬ್ರಾಡಕ್ ಕೂಡ ಒಬ್ಬರಾಗಿದ್ದರು. ಆ ಸೇತುವೆ 1964ರಲ್ಲಿ ಸಂಚಾರಕ್ಕೆ ತೆರೆಯಿತು.